ಬಂಡೆ ಸೀಳುವ ಗಂಜಿ

2012ರ ಮಾರ್ಚ್ ತಿಂಗಳಲ್ಲಿ, ಮುಂಗಡ ವ್ಯಾಪಾರದ ಮೇಲೆ ಕಣ್ಣಿಟ್ಟಿದ್ದ ಕೇಂದ್ರ ಸರ್ಕಾರದ ಫಾರ್ವರ್ಡ್ ಮಾರ್ಕೆಟ್ಸ್ ಕಮಿಷನ್ ಗೋರಿಕಾಯಿ ಬೀಜದ ಮತ್ತು ಅದರ ಅಂಟಿನ ಮುಂಗಡ ವಹಿವಾಟನ್ನು ನಿಲ್ಲಿಸಿತು. ಬೆಲೆ ಯಾರ ಹಿಡಿತಕ್ಕೂ ಸಿಗದಂತೆ ಏರಿತ್ತು. ಒಂದೆರಡು ವರ್ಷದ ಹಿಂದೆ ಕ್ವಿಂಟಲ್‌ಗೆ ಎರಡು-ಮೂರು ಸಾವಿರ ರೂಪಾಯಿಗೆ ಬಿಕರಿಯಾಗುತ್ತಿದ್ದ ಬೀಜ 30,000ದ ಹತ್ತಿರ ಬಂದು ನಿಂತಿತ್ತು; ಅದರಿಂದ ತೆಗೆದ ಅಂಟು 1 ಲಕ್ಷದ ಆಸುಪಾಸು. ಆ ವರ್ಷ ಭಾರತದಿಂದ ಅಮೆರಿಕಕ್ಕೆ ಹೋದ ಕೃಷಿ ಉತ್ಪನ್ನಗಳಲ್ಲಿ ಮೌಲ್ಯದ ಲೆಕ್ಕದಲ್ಲಿ ಮೊದಲ ಸ್ಥಾನ ಬಾಸ್ಮತಿ ಅಕ್ಕಿಗಲ್ಲ, ಕರಿಮೆಣಸಿಗಲ್ಲ, ಈ ಅಂಟಿಗೆ. ಅದೇ ಬೇಸಿಗೆಯಲ್ಲಿ ಹ್ಯಾಲಿಬರ್ಟನ್ ಎಂಬ ದೈತ್ಯ ಕಂಪನಿ ತನ್ನ ಷೇರುದಾರರಿಗೆ, ಗೋರಿಕಾಯಿಯ ದುಬಾರಿಯಿಂದ ಲಾಭ ಇಳಿಯಲಿದೆ ಎಂದು ಮುನ್ಸೂಚನೆ ಕೊಡಬೇಕಾಯಿತು.

ಶಿಕಾರಿಪುರದ ಸಂತೆಯಲ್ಲಿ ಈ ಕಾಯಿಗೆ ಎರಡು ಹೆಸರು. ಹಿರೇಕೆರೂರಿನ ಕಡೆಯಿಂದ ಬಂದವರು ಚವಳಿಕಾಯಿ ಎನ್ನುತ್ತಾರೆ, ಸೊರಬ-ಸಾಗರದ ಕಡೆಯವರು ಗೋರಿಕಾಯಿ. ನಾರು ತೆಗೆದು, ಬೇಯಿಸಿ, ಕಹಿ ಹೋಗಲಿ ಎಂದು ಚೂರು ಬೆಲ್ಲ ಹಾಕಿ ಪಲ್ಯ ಮಾಡಿದರೆ ರೊಟ್ಟಿಗೆ ಚೆನ್ನ. ಅದಕ್ಕಿಂತ ಹೆಚ್ಚಿನ ಗೌರವವನ್ನು ನಾವು ಯಾರೂ ಅದಕ್ಕೆ ಕೊಟ್ಟಿದ್ದಿಲ್ಲ. ಎಳೆಯದಿದ್ದಾಗ ಕಾಯಿ ನಮ್ಮದು. ಬಲಿತು ಒಣಗಿದ ಮೇಲೆ ಅದರ ಬೀಜ ಟೆಕ್ಸಸ್ಸಿನದು, ಪೆನ್ಸಿಲ್ವೇನಿಯಾದ್ದು. ಅಲ್ಲಿ ಅದನ್ನು ನೆಲದೊಳಗಿನ ಬಂಡೆ ಸೀಳಲು ಬಳಸುತ್ತಾರೆ. ಈ ಮಾತನ್ನು ಮೊದಲ ಸಲ ಓದಿದಾಗ ನನಗೆ ಹುಟ್ಟಿದ ಕುತೂಹಲವೇ ಈ ಬರಹಕ್ಕೆ ಕಾರಣ. ಓದುತ್ತ ಹೋದಂತೆ ಕತೆ ಗೋರಿಕಾಯಿಯನ್ನು ದಾಟಿ, ಎಣ್ಣೆ-ನೀರಿನ ಜಗಳವನ್ನು ದಾಟಿ, ಕೊನೆಗೆ ನಮ್ಮ ತೋಟದ ಬೇಲಿಯವರೆಗೆ ಬಂತು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಎಣ್ಣೆಯಾಗಲಿ ಗ್ಯಾಸಾಗಲಿ ನೆಲದಡಿಯಲ್ಲಿ ಕೆರೆಯ ಹಾಗೆ ನಿಂತಿರುವುದಿಲ್ಲ. ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ, ಇಟ್ಟಿಗೆ ನೀರು ಕುಡಿದಂತೆ, ಅಡಗಿರುತ್ತದೆ. ಕಲ್ಲು ಬಿಗಿಯಾಗಿದ್ದರೆ ಬಾವಿ ಕೊರೆದರೂ ಅದು ಹರಿದು ಬರುವುದಿಲ್ಲ. ಆಗ ಬಾವಿಯೊಳಗೆ ದ್ರವವೊಂದನ್ನು ಭಾರೀ ಒತ್ತಡದಲ್ಲಿ ತುಂಬುತ್ತಾರೆ. ಒತ್ತಡ ತಾಳಲಾರದೆ ಕಲ್ಲು ಬಿರಿಯುತ್ತದೆ. ಪಂಪು ನಿಲ್ಲಿಸಿದರೆ ಮೇಲಿನ ನೆಲದ ಭಾರಕ್ಕೆ ಬಿರುಕು ಮತ್ತೆ ಮುಚ್ಚಿಕೊಳ್ಳುತ್ತದಲ್ಲ, ಅದಕ್ಕಾಗಿ ದ್ರವದ ಜೊತೆಗೇ ಮರಳನ್ನು ಕಳಿಸುತ್ತಾರೆ. ಬಾಗಿಲ ಸಂದಿಗೆ ಕಲ್ಲು ಕೊಟ್ಟ ಹಾಗೆ ಮರಳು ಬಿರುಕಿನಲ್ಲಿ ನಿಂತು ದಾರಿ ತೆರೆದಿಡುತ್ತದೆ.

ತೊಡಕಿರುವುದು ಇಲ್ಲೇ. ಬರೀ ನೀರಿನಲ್ಲಿ ಮರಳು ಹಾಕಿದರೆ ತಳ ಸೇರುತ್ತದೆ. ಗಂಜಿಯಲ್ಲಿ ಹಾಕಿದರೆ? ಗಟ್ಟಿ ಗಂಜಿಯ ಮೇಲೆ ಉದುರಿಸಿದ ಜೀರಿಗೆ ಮುಳುಗದೆ ಅಲ್ಲೇ ಇರುತ್ತದೆ. ಹಾಗಾಗಿ ದ್ರವ ಗಂಜಿಯ ಹಾಗೆ ದಪ್ಪ ಇರಬೇಕು. ಆದರೆ ಕೆಲಸ ಮುಗಿದ ಮೇಲೂ ಅದು ಗಂಜಿಯಾಗಿಯೇ ಉಳಿದರೆ ತಾನೇ ತೆರೆದ ಬಿರುಕಿಗೆ ತಾನೇ ಬೆಣೆ. ಆದ್ದರಿಂದ ಮರಳನ್ನು ಅಲ್ಲಿ ಬಿಟ್ಟು, ಹೇಳಿದ ಹೊತ್ತಿಗೆ ತೆಳ್ಳಗಾಗಿ, ಸದ್ದಿಲ್ಲದೆ ವಾಪಸು ಬರಬೇಕು. ಹೋಗುವಾಗ ದಪ್ಪ, ಬರುವಾಗ ತೆಳು. ಕಳೆದ 75 ವರ್ಷಗಳಲ್ಲಿ ಈ ವಿದ್ಯೆಯಲ್ಲಿ ನಡೆದ ಪ್ರಯೋಗಗಳಲ್ಲಿ ಬಹುಪಾಲು ಈ ಎರಡು ಬೇಡಿಕೆಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸುವ ಪ್ರಯತ್ನಗಳೇ.

ಶುರುವಾದದ್ದು ಮಾತ್ರ ಇಷ್ಟು ನಯವಾಗಿ ಅಲ್ಲ. ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ಲಿನಲ್ಲಿ ಎಡ್ವಿನ್ ಡ್ರೇಕ್ ಎಣ್ಣೆ ಬಾವಿ ಕೊರೆದದ್ದು 1859ರಲ್ಲಿ. ಆರು ವರ್ಷದ ನಂತರ, ಅಮೆರಿಕದ ಅಂತರ್ಯುದ್ಧದಲ್ಲಿ ಕಾದಾಡಿ ಬಂದಿದ್ದ ಎಡ್ವರ್ಡ್ ರಾಬರ್ಟ್ಸ್ ಎಂಬವನು ಬಾವಿಯೊಳಗೆ ಇಳಿಬಿಟ್ಟು ಸಿಡಿಸುವ ‘ಟಾರ್ಪಿಡೊ’ಗೆ ಪೇಟೆಂಟ್ ಪಡೆದ. ಮೊದಲು ಕೋವಿಮದ್ದು, ಆಮೇಲೆ ನೈಟ್ರೋಗ್ಲಿಸರಿನ್. ಸಿಡಿಮದ್ದಿನ ಮೇಲೆ ಬಾವಿ ತುಂಬ ನೀರು ನಿಲ್ಲಿಸುವುದು ಅವನ ಉಪಾಯ. ಸ್ಫೋಟದ ಬಲ ಮೇಲಕ್ಕೆ ಹಾರಿಹೋಗದೆ ನೀರಿನ ಭಾರಕ್ಕೆ ಪಕ್ಕದ ಕಲ್ಲಿನೊಳಕ್ಕೆ ನುಗ್ಗುತ್ತಿತ್ತು. ನೀರಿನ ಭಾರವನ್ನು ಬಂಡೆಯ ವಿರುದ್ಧ ತಿರುಗಿಸುವ ಆಲೋಚನೆ ಅಲ್ಲೇ ಇತ್ತು. 1930ರ ದಶಕದಲ್ಲಿ ಸುಣ್ಣಕಲ್ಲಿನ ಬಾವಿಗಳಿಗೆ ಆಮ್ಲ ಸುರಿಯುವುದು ರೂಢಿಯಾಯಿತು. ಒತ್ತಡ ಒಂದು ಮಟ್ಟ ದಾಟಿದರೆ ಕಲ್ಲು ಒಮ್ಮೆಲೇ ಬಾಯಿಬಿಟ್ಟು ದ್ರವವನ್ನು ನುಂಗುತ್ತದೆ ಎಂಬುದನ್ನು ಗಮನಿಸಿದ್ದು ಆ ಕೆಲಸದಲ್ಲಿದ್ದವರೇ.

ಆ ಗಮನಿಕೆಯನ್ನು ವಿದ್ಯೆಯಾಗಿಸಿದವನು ಸ್ಟಾನೊಲಿಂಡ್ ಕಂಪನಿಯ ಫ್ಲಾಯ್ಡ್ ಫ್ಯಾರಿಸ್. 1947ರಲ್ಲಿ ಕ್ಯಾನ್ಸಸ್ ರಾಜ್ಯದ ಹ್ಯೂಗೊಟನ್ ಗ್ಯಾಸ್ ಬಯಲಿನ ಕ್ಲೆಪರ್ ಎಂಬ ಬಾವಿಯಲ್ಲಿ ಮೊದಲ ಪ್ರಯೋಗ ನಡೆಯಿತು. ಸುಮಾರು 2,400 ಅಡಿ ಆಳದ ಸುಣ್ಣಕಲ್ಲಿಗೆ 1,000 ಗ್ಯಾಲನ್ ದ್ರವ. ಯಾವ ದ್ರವ? ನಾಪಾಮ್ ಬೆರೆಸಿ ದಪ್ಪ ಮಾಡಿದ ಪೆಟ್ರೋಲು. ಎರಡು ವರ್ಷದ ಹಿಂದಷ್ಟೇ, 1945ರ ಮಾರ್ಚ್‌ನಲ್ಲಿ, ಟೋಕಿಯೊ ನಗರವನ್ನು ಒಂದೇ ರಾತ್ರಿಯಲ್ಲಿ ಸುಟ್ಟದ್ದೂ ಇದೇ ಪದಾರ್ಥ. 1942ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಲೂಯಿ ಫೀಸರ್ ಮತ್ತು ಸಂಗಡಿಗರು ಅದನ್ನು ರೂಪಿಸಿದ್ದರು. ಪೆಟ್ರೋಲು ಹರಿದುಹೋಗದೆ ಬಿದ್ದಲ್ಲೇ ಅಂಟಿಕೊಂಡು ಉರಿಯಲಿ ಎಂಬುದು ಉದ್ದೇಶ. ಯುದ್ಧ ಮುಗಿಯಿತು, ದಪ್ಪ ಪೆಟ್ರೋಲಿನ ಗುಣ ಉಳಿಯಿತು. ಮನುಷ್ಯರ ಮೈಗೆ ಅಂಟಿಕೊಂಡದ್ದು ಈಗ ಬಂಡೆಯೊಳಕ್ಕೆ ಇಳಿಯಿತು. ಯುದ್ಧದ ಕಪಾಟಿನಿಂದ ಸಾಮಾನು ತೆಗೆದು ಶಾಂತಿಕಾಲದ ಕೆಲಸಕ್ಕೆ ಹಚ್ಚುವುದು ಹೊಸತೇನಲ್ಲ. ಆದರೂ ಈ ಒಂದು ಸಂಗತಿಯನ್ನು ನಾನು ಸುಲಭವಾಗಿ ದಾಟಿ ಹೋಗಲಾರೆ.

ಕ್ಲೆಪರ್ ಬಾವಿಯ ಪ್ರಯೋಗ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ. ಆದರೂ ಪೇಟೆಂಟ್ ಬಂತು, ಹ್ಯಾಲಿಬರ್ಟನ್‌ಗೆ ಪರವಾನಗಿ ಸಿಕ್ಕಿತು. 1949ರ ಮಾರ್ಚ್ 17ರಂದು ಓಕ್ಲಹೋಮದ ಸ್ಟೀಫನ್ಸ್ ಕೌಂಟಿಯಲ್ಲೊಂದು, ಟೆಕ್ಸಸ್ಸಿನ ಆರ್ಚರ್ ಕೌಂಟಿಯಲ್ಲೊಂದು, ಹೀಗೆ ಎರಡು ಬಾವಿಗಳಲ್ಲಿ ದುಡ್ಡು ಪಡೆದು ಬಂಡೆ ಸೀಳಿದರು. ಕಚ್ಚಾ ಎಣ್ಣೆ, ಪೆಟ್ರೋಲು, ನೂರಿನ್ನೂರು ಪೌಂಡಿನೊಳಗಿನ ಮರಳು. ಮೊದಲ ವರ್ಷದಲ್ಲೇ 332 ಬಾವಿಗಳಿಗೆ ಈ ಚಿಕಿತ್ಸೆ ಆಯಿತು. ಉತ್ಪತ್ತಿ ಸರಾಸರಿ ಶೇ. 75ರಷ್ಟು ಹೆಚ್ಚಿತು. ‘ಚಿಕಿತ್ಸೆ’ ನನ್ನ ಮಾತಲ್ಲ, ಆ ಉದ್ಯಮದವರದ್ದೇ. ಬಾವಿಯನ್ನು ರೋಗಿಯಂತೆಯೂ ದ್ರವವನ್ನು ಔಷಧಿಯಂತೆಯೂ ಕಾಣುವುದು ಅವರ ರೂಢಿ. ಮಲೆನಾಡಿನವರಿಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ; ಅಡಿಕೆಗೆ ನಾವೂ ‘ಔಷಧಿ’ಯನ್ನೇ ಹೊಡೆಯುವುದು.

1953ರ ಹೊತ್ತಿಗೆ ಎಣ್ಣೆಯ ಬದಲು ನೀರನ್ನು ಬಳಸತೊಡಗಿದರು. ನೀರು ಅಗ್ಗ, ಬೆಂಕಿಯ ಭಯವಿಲ್ಲ. ಆದರೆ ತೆಳು. ಅದನ್ನು ಗಂಜಿ ಮಾಡಲು ಬೇಕಾಯಿತು ಗೋರಿಕಾಯಿ. ಅದು ಅಮೆರಿಕಕ್ಕೆ ಹೋದ ದಾರಿಯೂ ಯುದ್ಧದ್ದೇ. ಮೆಡಿಟರೇನಿಯನ್ ತೀರದ ಕ್ಯಾರೊಬ್ ಮರದ ಬೀಜದ ಅಂಟನ್ನು ಅವರ ಕಾಗದದ ಗಿರಣಿಗಳು ಬಳಸುತ್ತಿದ್ದವು. ಎರಡನೆಯ ಮಹಾಯುದ್ಧದಲ್ಲಿ ಆ ಸರಬರಾಜು ನಿಂತಾಗ ಬದಲಿಗಾಗಿ ಹುಡುಕಿದರು, ಭಾರತದ ಗೋರಿ ಬೀಜ ಸಿಕ್ಕಿತು. ಬೀಜದ ಸಿಪ್ಪೆಗೂ ಮೊಳಕೆಗೂ ನಡುವಿನ ಬಿಳಿ ಭಾಗವನ್ನು ಪುಡಿ ಮಾಡಿ ನೀರಿಗೆ ಹಾಕಿದರೆ ಲೋಳೆಯಂತೆ ದಪ್ಪವಾಗುತ್ತದೆ. ಅದಕ್ಕೆ ಬೋರಾನ್ ಲವಣ, ಅಂದರೆ ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯ ದಾಯಾದಿಯನ್ನು, ಕ್ಷಾರದ ಜೊತೆ ಸ್ವಲ್ಪವೇ ಸೇರಿಸಿದರೆ ಲೋಳೆಯ ಎಳೆಗಳು ಒಂದಕ್ಕೊಂದು ಕೈಹಿಡಿದು ಇಡೀ ಪಾತ್ರೆ ಮುದ್ದೆಯಾಗುತ್ತದೆ. ಮತ್ತೆ ತೆಳುವಾಗಿಸಲು ಕಿಣ್ವ ಅಥವಾ ಪರ್ಸಲ್ಫೇಟ್. ಉಂಡು ಬಿಟ್ಟ ಗಂಜಿಗೆ ಎಂಜಲು ಚಮಚ ಅದ್ದಿಟ್ಟರೆ ಸ್ವಲ್ಪ ಹೊತ್ತಿಗೆ ನೀರಾಗುವುದನ್ನು ಮಕ್ಕಳಿಗೆ ಉಣಿಸುವ ತಾಯಂದಿರೆಲ್ಲ ಕಂಡಿದ್ದಾರೆ. ಅಲ್ಲಿ ಪಿಷ್ಟವನ್ನು ಕತ್ತರಿಸುವುದು ಜೊಲ್ಲಿನ ಕಿಣ್ವ. ಬಾವಿಯಲ್ಲಿ ಗೋರಿಯ ಎಳೆ ಕತ್ತರಿಸುವುದು ಬೇರೆ ಕಿಣ್ವ. ಕಸುಬು ಒಂದೇ.

ಗೋರಿಕಾಯಿಗೂ ಒಂದು ದೋಷವಿತ್ತು. ಅದು ಪೂರ್ತಿ ಕರಗುವುದಿಲ್ಲ. ನೂರು ಪಾಲಿನಲ್ಲಿ ಆರರಿಂದ ಹತ್ತು ಪಾಲು ಗಸಿಯಾಗಿ ಉಳಿಯುತ್ತದೆ. ಈ ಗಸಿ ಮರಳಿನ ಸಂದಿಗಳಲ್ಲಿ ಕೂತು ಎಣ್ಣೆಯ ದಾರಿ ಕಟ್ಟುತ್ತಿತ್ತು. ಗೋರಿ ಕಡಿಮೆ ಹಾಕಿದರೆ ದಪ್ಪ ಸಾಲದು, ಹೆಚ್ಚು ಹಾಕಿದರೆ ಗಸಿ. ಈ ಇಕ್ಕಟ್ಟಿನಿಂದ 1970ರ ದಶಕದಲ್ಲಿ ಚಾಲ್ತಿಗೆ ಬಂದದ್ದೇ ಎಮಲ್ಶನ್ ದ್ರವ.

ಎಣ್ಣೆಯೂ ನೀರೂ ಕೂಡುವುದಿಲ್ಲ ಎನ್ನುವುದು ಲೋಕದ ಮಾತು. ಆದರೆ ಪ್ರತಿ ಬೆಳಗ್ಗೆ ಮಜ್ಜಿಗೆ ಕಡೆಯುವ ಮನೆಯಲ್ಲಿ ಅವೆರಡೂ ಎರಡು ಬಗೆಯಲ್ಲಿ ಕೂಡಿರುವುದನ್ನು ಕಾಣಬಹುದು. ಕೆನೆ ಅಂದರೆ ನೀರಿನೊಳಗೆ ಜಿಡ್ಡಿನ ಹನಿಗಳು. ಬೆಣ್ಣೆ ಅಂದರೆ ಜಿಡ್ಡಿನೊಳಗೆ ನೀರಿನ ಹನಿಗಳು. ಕಡೆಗೋಲು ಆಡುತ್ತಿರುವಾಗ ಒಂದು ಗಳಿಗೆಯಲ್ಲಿ ಒಳಗಿದ್ದದ್ದು ಹೊರಗಾಗಿ, ಹೊರಗಿದ್ದದ್ದು ಒಳಗಾಗುತ್ತದೆ; ಬೆಣ್ಣೆ ಬಂತು ಎನ್ನುತ್ತೇವೆ. ಎಣ್ಣೆ ಬಾವಿಯವರಿಗೆ ಬೇಕಾದದ್ದು ಕೆನೆಯ ಬಗೆ. ಎರಡು ಪಾಲು ಕಚ್ಚಾ ಎಣ್ಣೆ ಅಥವಾ ಡೀಸೆಲ್, ಒಂದು ಪಾಲು ಗೋರಿ ಬೆರೆಸಿದ ನೀರು, ಜೊತೆಗೆ ಎರಡನ್ನೂ ಒಪ್ಪಿಸುವ ಸಾಬೂನಿನಂಥ ಒಂದು ಪದಾರ್ಥ. ಚೆನ್ನಾಗಿ ಕಡೆದರೆ ಎಣ್ಣೆ ಹನಿಹನಿಯಾಗಿ ನೀರಿನೊಳಗೆ ಒತ್ತೊತ್ತಾಗಿ ಕೂರುತ್ತದೆ. ಸಂತೆಯ ದಿನ ಬಸ್ಸಿನಲ್ಲಿ ನಿಂತ ಜನರಂತೆ ಹನಿಗಳಿಗೆ ಅಲುಗಾಡಲು ಜಾಗವಿಲ್ಲ. ಆ ಒತ್ತಾಟವೇ ದಪ್ಪ. ಎಣ್ಣೆಯೂ ತೆಳು, ನೀರೂ ತೆಳು, ಎರಡೂ ಸೇರಿದ್ದು ಮೊಸರಿನ ಹಾಗೆ. ಗೋರಿ ಇರುವುದು ಮೂರನೆಯ ಒಂದು ಪಾಲಾದ ನೀರಿನಲ್ಲಿ ಮಾತ್ರ. ಗಸಿಯೂ ಅಷ್ಟು ಕಡಿಮೆ.

ಇನ್ನು ತೆಳ್ಳಗಾಗುವ ಬಗೆ. ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಹಿಡಿಸಿದ್ದು ಇದು. ಎಣ್ಣೆ-ನೀರನ್ನು ಒಪ್ಪಿಸಿ ಇಟ್ಟಿದ್ದ ಆ ಸಾಬೂನು, ಬಿರುಕಿನೊಳಗೆ ಹೋದ ಮೇಲೆ ಕಲ್ಲಿನ ಮೈಗೆ ಅಂಟಿಕೊಳ್ಳುತ್ತ ಹೋಗುತ್ತದೆ. ಸಾಬೂನು ಕಲ್ಲಿನ ಪಾಲಾದಂತೆ ಎಣ್ಣೆಯ ಹನಿಗಳಿಗೆ ಕಾವಲು ತಪ್ಪುತ್ತದೆ, ಹನಿ ಹನಿಗೆ ಸೇರುತ್ತದೆ, ಎಮಲ್ಶನ್ ಒಡೆಯುತ್ತದೆ. ಯಾವ ಬಂಡೆಯನ್ನು ಸೀಳಲು ಬಂದಿತ್ತೋ ಆ ಬಂಡೆಯೇ ಅದನ್ನು ಒಡೆಯುತ್ತದೆ. ತೆಳುವಾದ ಎಣ್ಣೆ ಬಾವಿಯ ಎಣ್ಣೆಯ ಜೊತೆ ಮೇಲೆ ಬರುತ್ತದೆ, ಮಾರಲೂ ಬಹುದು.

ಹಾಗಿದ್ದರೂ ಎಮಲ್ಶನ್ ದ್ರವ ಎಲ್ಲೆಡೆ ಗೆಲ್ಲಲಿಲ್ಲ. ಕೊಳವೆಯೊಳಗೆ ಸಾಗುವಾಗ ತಿಕ್ಕಾಟ ಜಾಸ್ತಿ, ಪಂಪುಗಳಿಗೆ ಶ್ರಮ. ಆಳ ಹೆಚ್ಚಿದಂತೆ ಬಿಸಿ ಹೆಚ್ಚಿ ಬೇಗ ತೆಳುವಾಗುತ್ತಿತ್ತು. ಎರಡು ಪಾಲು ಎಣ್ಣೆಯ ಬೆಲೆಯೂ ಕೈ ಕಚ್ಚುತ್ತಿತ್ತು. ಮುಂದೆ ಎಣ್ಣೆಯ ಜಾಗಕ್ಕೆ ಸಾರಜನಕವನ್ನೋ ಇಂಗಾಲದ ಡೈಆಕ್ಸೈಡನ್ನೋ ತುಂಬಿ ನೊರೆ ಮಾಡಿದರು. ಅದೂ ಇದೇ ಕುಲದ ಕೂಸು. 1990ರ ದಶಕದ ಕೊನೆಗೆ ಟೆಕ್ಸಸ್ಸಿನ ಬಾರ್ನೆಟ್ ಜೇಡಿಪದರದಲ್ಲಿ ಜಾರ್ಜ್ ಮಿಚೆಲ್ ಅವರ ಕಂಪನಿ ದಪ್ಪದ ಗೊಡವೆಯನ್ನೇ ಬಿಟ್ಟು, ನೀರಿಗೆ ಜಾರುಗುಣದ ರಾಸಾಯನಿಕ ಸ್ವಲ್ಪ ಬೆರೆಸಿ, ಅಪಾರ ಪ್ರಮಾಣದಲ್ಲಿ ವೇಗವಾಗಿ ನುಗ್ಗಿಸುವ ದಾರಿ ಹಿಡಿದು ಗೆದ್ದಿತು. ಶೇಲ್ ಗ್ಯಾಸಿನ ಯುಗ ಶುರುವಾದದ್ದು ಅದರಿಂದ.

ಸಾಬೂನಿನ ಮಾತು ಬಂತಲ್ಲ, ಒಂದು ಪಕ್ಕದಾರಿ ಹಿಡಿಯುತ್ತೇನೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಮಲೆನಾಡಿನ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದರು. 1910ರಲ್ಲಿ ಅವರ ವರದಿ ಬಂತು. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದ್ದು ಅದರಲ್ಲೇ. ಅದಕ್ಕೂ ಮುಂಚೆ ಮಳೆಗಾಲಕ್ಕೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ನಮ್ಮವರಿಗಿದ್ದ ರಕ್ಷಣೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು, ಅಂದರೆ ಮೈಲುತುತ್ತ-ಸುಣ್ಣದ ನೀರನ್ನು, ಕೋಲ್ಮನ್ ಇಲ್ಲಿ ತಂದರು. ಆದರೆ ಮೆದೊಕ್‌ನ ಮಳೆಯೇ ಬೇರೆ, ನಮ್ಮ ಆಷಾಢದ ಮಳೆಯೇ ಬೇರೆ. ಹೊಡೆದ ಔಷಧಿ ತೊಳೆದುಹೋಗದಂತೆ ರಾಳವನ್ನು ಸೋಡಾದಲ್ಲಿ ಬೇಯಿಸಿ, ಆ ರಾಳದ ಸಾಬೂನನ್ನು ದ್ರಾವಣಕ್ಕೆ ಬೆರೆಸುವ ಪದ್ಧತಿ ಬಂತು. ಎಣ್ಣೆ ಬಾವಿಯ ದ್ರವ ಕೆಲಸ ಮುಗಿಸಿ ಬಿಟ್ಟುಹೋಗಬೇಕು. ಅಡಿಕೆಯ ದ್ರವ ಮಳೆಗಾಲ ಕಳೆಯುವವರೆಗೆ ಬಿಡಬಾರದು. ಎರಡೂ ಕಡೆ ರಸಾಯನಶಾಸ್ತ್ರ ಯೋಚಿಸಿದ್ದು ಅಂಟುವ-ಬಿಡುವ ಗಳಿಗೆಯನ್ನೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಬೋರ್ಡೋ ದ್ರಾವಣದ ಪಾಕ ನಮ್ಮಲ್ಲಿ ಪ್ರತಿ ತೋಟದವನಿಗೂ ಬಾಯಿಪಾಠ. ಬಂಡೆ ಸೀಳುವ ದ್ರವದ ಪಾಕ ವ್ಯಾಪಾರದ ಗುಟ್ಟು.

ಆ ಗುಟ್ಟಿನ ಬೆಲೆಯನ್ನು ತೆತ್ತವರು ಬಾವಿಯ ಅಕ್ಕಪಕ್ಕದವರು. ಗೋರಿ ಪುಡಿಯನ್ನು ನೇರ ನೀರಿಗೆ ಸುರಿದರೆ ರಾಗಿ ಹಿಟ್ಟಿನ ಹಾಗೆ ಗಂಟು ಕಟ್ಟುತ್ತದೆ. ಅದಕ್ಕೆ ಮೊದಲೇ ಡೀಸೆಲ್‌ನಲ್ಲಿ ಕಲಸಿಟ್ಟುಕೊಳ್ಳುತ್ತಿದ್ದರು. ಡೀಸೆಲ್‌ನಲ್ಲಿ ಬೆಂಜೀನ್‌ನಂಥ ಕ್ಯಾನ್ಸರ್ ತರುವ ಪದಾರ್ಥಗಳಿರುತ್ತವೆ. ಕುಡಿಯುವ ನೀರಿನ ಪದರಗಳಲ್ಲಿ ನಡೆಯುವ ಕಲ್ಲಿದ್ದಲು ಗ್ಯಾಸಿನ ಕೆಲಸಕ್ಕೆ ಡೀಸೆಲ್ ಬಳಸುವುದಿಲ್ಲ ಎಂದು ಮೂರು ದೊಡ್ಡ ಕಂಪನಿಗಳು 2003ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಒಪ್ಪಿ ಬರೆದುಕೊಟ್ಟವು. ಎರಡೇ ವರ್ಷಕ್ಕೆ, 2005ರ ಇಂಧನ ಕಾಯ್ದೆಯಲ್ಲಿ, ಡೀಸೆಲ್ ಒಂದನ್ನು ಬಿಟ್ಟು ಉಳಿದ ಸೀಳುದ್ರವಗಳನ್ನು ಕುಡಿಯುವ ನೀರಿನ ರಕ್ಷಣಾ ಕಾನೂನಿನ ಹಿಡಿತದಿಂದ ಹೊರಗಿಟ್ಟರು. ತಮ್ಮ ಮನೆಯ ಕೆಳಗೆ ಏನನ್ನು ಇಳಿಸಲಾಗಿದೆ ಎಂದು ಕೇಳಿದವರಿಗೆ ಸಿಕ್ಕ ಉತ್ತರ ಬಹಳ ಕಾಲ ‘ಹೇಳಲಾಗದು’ ಎಂಬುದೇ ಆಗಿತ್ತು.

ನಮ್ಮ ನೆಲಕ್ಕೆ ಬರುವುದಾದರೆ, ಶಿಕಾರಿಪುರ-ಸೊರಬದ ಅಡಿಯಲ್ಲಿ ಎಣ್ಣೆಯಿಲ್ಲ, ಇರುವ ಹಾಗೂ ಇಲ್ಲ. ಎಣ್ಣೆ ಹುಟ್ಟುವುದು ಸತ್ತ ಜೀವಿಗಳು ಕೆಸರಿನೊಡನೆ ಪದರಗಟ್ಟಿ ಹೂತಲ್ಲಿ. ನಮ್ಮ ಕಾಲಡಿಯ ಧಾರವಾಡ ಶಿಲೆಗಳೂ ನೈಸ್ ಬಂಡೆಗಳೂ 250 ಕೋಟಿ ವರ್ಷಕ್ಕೂ ಹಳೆಯವು. ಬೆಂದು, ಮಡಚಿ, ಮತ್ತೆ ಬೆಂದವು. ಭಾರತದಲ್ಲಿ ಈ ವಿದ್ಯೆಗೆ ಮನೆಯೆಂದರೆ ಗುಜರಾತ್, ರಾಜಸ್ಥಾನದ ಕಡೆ. ಬಾಡ್ಮೇರಿನ ರಾಗೇಶ್ವರಿ ಗ್ಯಾಸ್ ಬಯಲಿನಲ್ಲಿ ಬಂಡೆ ಸೀಳಿ ಗ್ಯಾಸ್ ತೆಗೆಯುತ್ತಾರೆ. ಗೋರಿ ಬೆಳೆಯುವುದೂ ಆ ಜಿಲ್ಲೆಯಲ್ಲೇ. ಕರ್ನಾಟಕದಲ್ಲಿ ಬಂಡೆಯನ್ನು ಒಡೆದವರು ಬೇರೆಯದಕ್ಕೆ ಒಡೆದರು. ಹಟ್ಟಿಯಲ್ಲಿ ಸುಮಾರು 2,000 ವರ್ಷದ ಹಿಂದೆ ಬಂಗಾರಕ್ಕಾಗಿ 640 ಅಡಿ ಆಳಕ್ಕೆ ಇಳಿದಿದ್ದವರು ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ ಬಿರಿಯುವಂತೆ ಮಾಡುತ್ತಿದ್ದರು. ಮತ್ತೆ ನಾವು. ನಾವು ಒಡೆಯುವುದು ನೀರಿಗಾಗಿ.

ಗಟ್ಟಿ ಬಂಡೆಯನ್ನು ಗಂಟೆಗಳಲ್ಲಿ ಕೊರೆಯುವ, ಗಾಳಿಯ ಒತ್ತಡದಿಂದ ತುದಿಯಲ್ಲೇ ಸುತ್ತಿಗೆ ಬಡಿಯುವ ರಿಗ್ಗುಗಳು ಭಾರತಕ್ಕೆ ದೊಡ್ಡದಾಗಿ ಬಂದದ್ದು 1966-67ರ ಬಿಹಾರದ ಬರಗಾಲದ ಸಂದರ್ಭದಲ್ಲಿ, ಯುನಿಸೆಫ್ ಮೂಲಕ. ಆಮೇಲೆ ತಮಿಳುನಾಡಿನ ತಿರುಚೆಂಗೋಡು ಈ ರಿಗ್ ಲಾರಿಗಳ ತವರಾಯಿತು. ನಮ್ಮ ಊರುಗಳಲ್ಲಿ ಬೇಸಿಗೆ ಬಂತೆಂದರೆ ಗೊತ್ತಾಗುವುದು ಕೋಗಿಲೆಯಿಂದಲ್ಲ, ರಾತ್ರಿಯಿಡೀ ಕೂಗುವ ಕಂಪ್ರೆಸರ್‌ನಿಂದ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರು, ಅಡಿಗೆ ಇಷ್ಟೆಂದು ರೇಟು ಹೇಳುವ ಏಜೆಂಟು, ಕೇಸಿಂಗ್ ಪೈಪು, ಕೊನೆಗೆ ‘ಎರಡಿಂಚು ನೀರು’ ಎಂಬ ಶುಭವಾರ್ತೆ ಅಥವಾ ಬರೀ ಬೂದಿ ಧೂಳು. ನೀರು ಸಾಲದೆಹೋದ ಬೋರಿಗೆ ಇರುವ ಚಿಕಿತ್ಸೆಗೆ ಹೈಡ್ರೋ ಫ್ರಾಕ್ಚರಿಂಗ್ ಎಂದೇ ಹೆಸರು. ಮೋಟಾರ್ ಎತ್ತಿ, ರಬ್ಬರಿನ ಪ್ಯಾಕರ್ ಇಳಿಸಿ ಬೋರನ್ನು ಬಿಗಿಯಾಗಿ ಮುಚ್ಚಿ, ಅದರ ಕೆಳಗೆ ಒತ್ತಡದಲ್ಲಿ ನೀರು ತುಂಬುತ್ತಾರೆ. ಗೋರಿಯಿಲ್ಲ, ಎಣ್ಣೆಯಿಲ್ಲ, ಮರಳೂ ಇಲ್ಲ. ಬರೀ ಶುದ್ಧ ನೀರು. ಸಂದಿಗಳಲ್ಲಿ ಕಟ್ಟಿದ ಜೇಡಿ ತೊಳೆದುಹೋಗಿ ಹಳೆಯ ಬಿರುಕುಗಳು ಬಾಯಿಬಿಡುತ್ತವೆ, ಅದೃಷ್ಟವಿದ್ದರೆ ಪಕ್ಕದ ನೀರಿರುವ ಬಿರುಕಿಗೆ ಕೂಡಿಕೊಳ್ಳುತ್ತವೆ.

ಪಕ್ಕದ ಬಿರುಕು ಯಾರದ್ದು?

ತಾಳಗುಂದ ಶಿಕಾರಿಪುರ ತಾಲ್ಲೂಕಿನ ಊರು. ಅಲ್ಲಿನ ಸ್ತಂಭಶಾಸನವನ್ನು ನಾವೆಲ್ಲ ಮಯೂರಶರ್ಮನ ಕತೆಗಾಗಿ ಓದುತ್ತೇವೆ. ಆದರೆ ಐದನೆಯ ಶತಮಾನದ ಆ ಸಂಸ್ಕೃತ ಶಾಸನ ಹುಟ್ಟಿದ್ದು ಒಂದು ಕೆರೆಯ ನೆಪದಲ್ಲಿ. ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದ ಶಿವಾಲಯದ ಬಳಿ ಕದಂಬರ ಕಾಕುಸ್ಥವರ್ಮ ಕೆರೆಯೊಂದನ್ನು ಕಟ್ಟಿಸಿದ; ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದನ್ನು ಹೇಳುವ ಕಾವ್ಯ ರಚಿಸಿ ಕಲ್ಲಿನ ಮೇಲೆ ಬರೆದ. ಬಿ.ಎಲ್. ರೈಸ್ 1902ರಲ್ಲೂ 1904ರಲ್ಲೂ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಶಿವಮೊಗ್ಗ ಸಂಪುಟಗಳಲ್ಲಿ ಶಿಕಾರಿಪುರ, ಸೊರಬದ ಶಾಸನಗಳನ್ನು ತಿರುವಿಹಾಕಿದರೆ ಕೆರೆ, ತೂಬು, ಕೆರೆಯ ಕೆಳಗಿನ ಗದ್ದೆ ಮತ್ತೆ ಮತ್ತೆ ಎದುರಾಗುತ್ತವೆ. ಕೆರೆ ಕಟ್ಟಿದವನಿಗೆ ಬಿಟ್ಟ ಭೂಮಿಗೆ ಕಟ್ಟುಕೊಡಗೆ, ಕೆರೆಯ ಜೀರ್ಣೋದ್ಧಾರಕ್ಕೆ ಸಲ್ಲುವ ಪಾಲಿಗೆ ಬಿತ್ತುವಟ್ಟ ಎಂದು ಹೆಸರೇ ಇತ್ತು. ಕಣ್ಣಿಗೆ ಕಾಣುವ ನೀರಿಗೆ ಕನ್ನಡದಲ್ಲಿ ಒಂದು ಇಡೀ ಕಾನೂನಿನ ಭಾಷೆ ಬೆಳೆದಿತ್ತು. 400 ಅಡಿ ಕೆಳಗಿನ ಬಿರುಕಿನ ನೀರಿಗೆ ಅಂಥ ಒಂದು ಶಬ್ದವೂ ಇಲ್ಲ.

ಅದಕ್ಕೆ ನಾವು ಪಡೆದ ಶಬ್ದಗಳು ಇಂಗ್ಲೆಂಡಿನವು. ಡ್ರೇಕ್ ಎಣ್ಣೆ ಬಾವಿ ಕೊರೆದ ಅದೇ 1859ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಒಂದು ವ್ಯಾಜ್ಯ ತೀರ್ಮಾನಿಸಿತು. ಕ್ರಾಯ್ಡನ್ ಊರಿನ ಆಡಳಿತ ಬಾವಿ ತೋಡಿ ನೀರೆತ್ತಿದ್ದರಿಂದ ಹೊಳೆ ಬತ್ತಿ ತನ್ನ ಗಿರಣಿ ನಿಂತಿತು ಎಂದು ಗಿರಣಿಯವನೊಬ್ಬ ದಾವೆ ಹೂಡಿದ್ದ. ಅವನು ಸೋತ. ಗೊತ್ತಾದ ಕಾಲುವೆಯಲ್ಲಿ ಹರಿಯದೆ ನೆಲದೊಳಗೆ ಜಿನುಗುವ ನೀರನ್ನು ತನ್ನ ಜಮೀನಿನಲ್ಲಿ ಯಾರು ಬೇಕಾದರೂ ತೆಗೆಯಬಹುದು ಎಂದಾಯಿತು. 1882ರ ಭಾರತೀಯ ಈಸ್ಮೆಂಟ್ ಕಾಯ್ದೆಯಲ್ಲಿ ಈ ತತ್ವವೇ ಕೂತಿತು. ಕರ್ನಾಟಕ 2011ರಲ್ಲಿ ಅಂತರ್ಜಲ ಕಾಯ್ದೆ ತಂದು ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯಲು ಅನುಮತಿ ಬೇಕೆಂದಿತು, ಸರಿ. ಆದರೆ ಕೊರೆದಾಯಿತು, ಬಿರುಕು ಬೇಲಿ ದಾಟಿತು, ಮುಂದೆ? ಇದೇ ಪ್ರಶ್ನೆ 2008ರಲ್ಲಿ ಟೆಕ್ಸಸ್ಸಿನ ಸುಪ್ರೀಂ ಕೋರ್ಟಿನ ಮುಂದೆ ಗ್ಯಾಸಿನ ರೂಪದಲ್ಲಿ ಬಂತು. ಕಂಪನಿಯೊಂದು ಸೀಳಿದ ಬಿರುಕು ಗಡಿ ದಾಟಿ ತಮ್ಮ ಜಮೀನಿನ ಅಡಿಯ ಗ್ಯಾಸನ್ನು ಎಳೆದುಕೊಂಡಿದೆ ಎಂದು ಭೂಮಾಲೀಕರು ದೂರಿದ್ದರು. ಹಾಗೆ ಹರಿದುಬಂದದ್ದು ಎಳೆದುಕೊಂಡವನದ್ದೇ, ಅದಕ್ಕೆ ಪರಿಹಾರ ಕೇಳಲು ಬಾರದು ಎಂದಿತು ನ್ಯಾಯಾಲಯ. ನಷ್ಟವಾದವನು ತನ್ನ ನೆಲದಲ್ಲಿ ತಾನೂ ಬಾವಿ ಕೊರೆದುಕೊಳ್ಳಬಹುದು. ಆ ತೀರ್ಪಿನ ಈ ಭಾಗವನ್ನು ಓದುವಾಗ ನನಗೆ ಟೆಕ್ಸಸ್ ನೆನಪಾಗಲಿಲ್ಲ.

2017ರ ಬೇಸಿಗೆ. ಸತತ ಬರದ ವರ್ಷಗಳು. ಸೊರಬ ರಸ್ತೆಯ ಕಡೆಗಿರುವ ನಮ್ಮ ಅಡಿಕೆ ತೋಟದಲ್ಲಿ ಎರಡು ಬೋರು ಬತ್ತಿ ಮೂರನೆಯದು ಅರ್ಧ ಇಂಚಿಗೆ ಇಳಿದಿತ್ತು. ಹದಿನೈದು ವರ್ಷದ ಮರಗಳ ಸುಳಿ ಬಾಗತೊಡಗಿತ್ತು. ಅಣ್ಣ ಹೊಸದು ಕೊರೆಸುವ ಬದಲು ಇದ್ದುದನ್ನೇ ಒತ್ತಡ ಕೊಟ್ಟು ನೋಡೋಣ ಎಂದು ಗಾಡಿ ಕರೆಸಿದ. ಒತ್ತಡದ ಮುಳ್ಳು ಏರುತ್ತ ಏರುತ್ತ ಹೋಗಿ ಒಮ್ಮೆ ಧಡಕ್ಕನೆ ಇಳಿಯಿತು. “ಬಾಯಿ ಬಿಡ್ತು ಮಾರಾಯಾ” ಅಂದ ಅಣ್ಣ. ಸಂಜೆಗೆ ಒಂದೂವರೆ ಇಂಚು ಕೆಂಪು ನೀರು, ಮರುದಿನ ತಿಳಿ. ನಾಲ್ಕನೆಯ ದಿನ ಪಕ್ಕದ ತೋಟದವರು ಬೇಲಿಯ ಹತ್ತಿರ ಬಂದು ನಿಂತರು. ವಯಸ್ಸಿನಲ್ಲಿ ಅಪ್ಪನ ಸಮಾನರು, ನಾವು ಮಾವ ಎಂದೇ ಕರೆಯುವುದು. ಜಗಳಕ್ಕೆ ಬಂದವರಲ್ಲ. “ನಿಮ್ಮ ಗಾಡಿ ಬಂದ ದಿನ ನಮ್ಮ ಬೋರಲ್ಲೂ ಕೆಂಪು ನೀರು ಬಂತಪ್ಪ. ಈಗ ಗಾಳಿ ಎಳೀತಾ ಇದೆ” ಎಂದಷ್ಟೇ ಹೇಳಿದರು. ಅಣ್ಣ ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು? ಆ ಬೇಸಿಗೆ ಒಂದು ತಿಂಗಳು ನಮ್ಮ ಪೈಪನ್ನೇ ಬೇಲಿ ದಾಟಿಸಿ ದಿನ ಬಿಟ್ಟು ದಿನ ಅವರ ತೋಟಕ್ಕೂ ನೀರು ಬಿಟ್ಟೆವು. ಮಳೆ ಹಿಡಿದ ಮೇಲೆ ಪೈಪು ಸುತ್ತಿಟ್ಟೆವು.

ಮುಂದಿನ ವರ್ಷ ಮಾವ ನಮ್ಮದಕ್ಕಿಂತ 200 ಅಡಿ ಆಳಕ್ಕೆ ಹೊಸ ಬೋರು ಹಾಕಿಸಿದರು. ಎರಡಿಂಚು ಬಂತು. ಈಗ ನಮ್ಮದು ಬೆಳಗ್ಗೆ ಮೂರು ತಾಸು ಓಡಿ ನಿಲ್ಲುತ್ತದೆ.